ಗ್ಲೆನೆಲ್ಗ್‌ನಲ್ಲಿ ‘ಬರ್ತೀನಿ’ ಅಂದ ಮೇಲೆ

ಆ ಮಧ್ಯಾಹ್ನ ಡೊರಥಿ ಆಂಟಿಯ ಮುಂಗೋಣೆಯಲ್ಲಿ ಇದ್ದವರು ಮೂವರೇ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆಂಟಿ, ಎದುರಿಗೆ ಉಪ್ಪಿಟ್ಟಿನ ಡಬ್ಬಿ ಮಡಿಲಲ್ಲಿಟ್ಟುಕೊಂಡ ನಾನು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ನನ್ನ ಮಗಳು ಸ್ತುತಿ. ಬಾಗಿಲ ಹತ್ತಿರ ಇನ್ನೊಂದು ಕುರ್ಚಿ ಇತ್ತು. ಸ್ತುತಿ ಅದರ ಮೇಲೆ ಶಾಲೆಯ ಚೀಲ ಎಸೆದಿದ್ದಳು.

ಆಂಟಿ ಚಹಾ ಬಗ್ಗಿಸುತ್ತ ಕೇಳಿದರು. “ನಿನ್ನೆ ಯಾಕೆ ಲವ್, ಒಂದು ಮಾತೂ ಆಡಲಿಲ್ಲ?”

“ನಿನ್ನೆನಾ?”

“ನಿನ್ನೆ ಆರ್ವೋ. ನೀಲಿ ಸೀರೆ ಉಟ್ಕೊಂಡು ಬಂದೆ. ಅಲ್ಲಿ ಕೂತೆ. ಚಹಾ ಬೇಕಾ ಅಂದ್ರೆ ತಲೆ ಕೂಡ ಅಲ್ಲಾಡಿಸಲಿಲ್ಲ. ಆಮೇಲೆ ಎದ್ದು ಹೋದೆ. ನನ್ನ ಮೇಲೇನಾದರೂ ಸಿಟ್ಟಾ?”

ಲವ್ ಎಂದರೆ ಇಲ್ಲಿನವರ ಬಾಯಲ್ಲಿ ಅಕ್ಕರೆಯ ಕರೆ, ಆರ್ವೋ ಎಂದರೆ ಮಧ್ಯಾಹ್ನ ಕಳೆದ ಹೊತ್ತು. ಹಿಂದಿನ ದಿನ ಆ ಹೊತ್ತಿನಲ್ಲಿ ನಾನು ಅಡಿಲೇಡಿನ ಇನ್ನೊಂದು ತುದಿಯಲ್ಲಿ, ನಮ್ಮ ಚರ್ಚಿನ ಸಭೆಯ ಹೆಂಗಸರ ಜೊತೆ ಕೂತು ಹಳೆಯ ಬಟ್ಟೆ ವಿಂಗಡಿಸುತ್ತಿದ್ದೆ. ನನ್ನ ಹತ್ತಿರ ನೀಲಿ ಸೀರೆ ಇರುವುದೇನೋ ನಿಜ. ಆದರೆ ಅದು ಇರುವುದು ತುಮಕೂರಿನಲ್ಲಿ, ಅಮ್ಮನ ಟ್ರಂಕಿನಲ್ಲಿ.

ಸ್ತುತಿ ಬಾಯಿ ತೆರೆದಳು. ನಾನು ಕಣ್ಣಲ್ಲೇ ಅವಳನ್ನು ತಡೆದೆ.

ನಾವು ಮಿಷನರಿ ಕುಟುಂಬ. ಹೀಗೆಂದರೆ ತುಮಕೂರಿನ ನಮ್ಮ ಮಿಷನ್ ಕಾಂಪೌಂಡಿನಲ್ಲಿ ಇವತ್ತಿಗೂ ನಗುತ್ತಾರೆ. “ಆಸ್ಟ್ರೇಲಿಯಾಗೆ ಮಿಷನರಿಗಳಾ? ಅವರೇ ತಾನೇ ನಮಗೆ ಕಳಿಸ್ತಿದ್ದದ್ದು!” ಎಂದು ಪಕ್ಕದ ಮನೆಯ ಸರೋಜಾ ಆಂಟಿ ಬಿದ್ದೂಬಿದ್ದು ನಕ್ಕಿದ್ದರು. ನಮ್ಮ ಅಜ್ಜಿ ಬಿಳಿಯ ಮಿಸ್ಸಮ್ಮಗಳ ಜೊತೆ ಹಳ್ಳಿಹಳ್ಳಿ ತಿರುಗಿದವರು. ನನಗೆ ಕನ್ನಡ ಬಂದದ್ದೇ ಅವರ ಮಡಿಲಲ್ಲಿ. ಬೆಳಿಗ್ಗೆ ಕೀರ್ತನೆಗಳ ಕನ್ನಡ, ಸಂಜೆ ನಲ್ಲಿಯ ಹತ್ತಿರದ ಜಗಳದ ಕನ್ನಡ. ಎರಡೂ ಒಂದೇ ಬಾಯಿಂದ. ಈಗ ಆಸ್ಟ್ರೇಲಿಯಾದ ಸಭೆಗಳಲ್ಲಿ ಮುದುಕರು ಮಾತ್ರ ಉಳಿದಿದ್ದಾರೆ, ಪಾಸ್ಟರುಗಳು ಸಿಗುವುದಿಲ್ಲ. ಹಾಗಾಗಿ ನಮ್ಮ ಮನೆಯವರಾದ ಪಾಸ್ಟರ್ ದಯಾನಂದ ಅಯ್ಯನವರಿಗೆ ಕರೆ ಬಂತು. ಹಿಂದೆ ನಾನೂ ಸ್ತುತಿಯೂ.

ಮೊದಲು ಇದ್ದದ್ದು ಪರ್ತ್‌ನ ಜೂಂಡಲಪ್ ಬಡಾವಣೆಯಲ್ಲಿ. ಊರಲ್ಲಿ ಮಿಷನರಿ ಎಂದರೆ ಕಾಡು, ಹುಲಿ, ಮಲೇರಿಯಾ ಎಂದುಕೊಳ್ಳುತ್ತಾರೆ. ನನ್ನನ್ನು ಹೆದರಿಸಿದ್ದು ರಸ್ತೆ. ಅಂಗಳ ಅಚ್ಚುಕಟ್ಟು, ಹುಲ್ಲು ಕತ್ತರಿಸಿದೆ, ಕಾರು ನಿಂತಿದೆ, ಮನುಷ್ಯರಿಲ್ಲ. ನಮ್ಮಲ್ಲಿ ಮನೆ ಖಾಲಿ ಎಂದರೆ ಬೀಗ ಕಾಣುತ್ತದೆ. ಇಲ್ಲಿ ತುಂಬಿದ ಮನೆಯೂ ಹಾಗೆಯೇ ಕಾಣುತ್ತದೆ. ಬಿಸಿಲಲ್ಲಿ ನಡೆಯುವಾಗ ಯಾವುದೋ ಕಿಟಕಿಯ ಪರದೆ ಅಲುಗಿದಂತಾಗಿ ತಿರುಗಿ ನೋಡಿದರೆ, ಅಲುಗಿದ್ದು ಯಾವ ಮನೆಯದೆಂದು ಗೊತ್ತಾಗುತ್ತಿರಲಿಲ್ಲ.

ಇನ್ನು ಅವರ ಮಾತು. ಅಂಗಡಿಯ ಹುಡುಗಿ ಮೊದಲ ದಿನವೇ “ಹೌ ಯಾ ಗೋಯಿಂಗ್?” ಅಂದಳು. ಹೇಗೆ ಹೋಗುತ್ತೀ ಅಂತ ಕೇಳುತ್ತಿದ್ದಾಳೆ ಅಂದುಕೊಂಡು, “ಬಸ್ಸಲ್ಲಿ” ಅಂದೆ. ಜೊತೆಗಿದ್ದ ಮೈಸೂರಿನ ವೀಣಾ, ಅವಳ ಗಂಡ ಅಲ್ಲಿ ಇಂಜಿನಿಯರ್, ನನ್ನ ತೋಳು ಚಿವುಟಿ, “ಅಯ್ಯೋ, ಅದು ಹೇಗಿದ್ದೀರಾ ಅಂತ ಕಣ್ರೀ! ಗುಡ್ ಅಂದ್ಬಿಟ್ಟು ಸುಮ್ನಾಗಿ” ಅಂದಳು. ನನಗೆ ನಗು ಬರಲಿಲ್ಲ. ಇವರು ಎದುರಾದ ತಕ್ಷಣ ಹೋಗುವ ಮಾತೇ ಆಡುತ್ತಾರಲ್ಲ ಅನ್ನಿಸಿತು. ನಮ್ಮ ಮನೆಯಲ್ಲಿ ಆ ಮಾತನ್ನು ಹೊಸ್ತಿಲಲ್ಲಿ ಆಡುವ ಹಾಗಿರಲಿಲ್ಲ. ಶಾಲೆಗೆ ಹೊರಟಾಗ ಬಾಯಿತಪ್ಪಿ “ಹೋಗ್ತೀನಿ” ಅಂದರೆ ಅಜ್ಜಿ ಒಳಗಿಂದಲೇ, “ಬಿಡ್ತು ಅನ್ನು! ಬರ್ತೀನಿ ಅನ್ನೇ” ಎಂದು ಕೂಗುತ್ತಿದ್ದರು. ಕ್ರೈಸ್ತರಾದ ಮೇಲೆ ಶಕುನ ಗಿಕುನ ಎಲ್ಲ ಬಿಟ್ಟಿದ್ದೆವು. ಇದೊಂದನ್ನು ಮಾತ್ರ ಬಿಟ್ಟಿರಲಿಲ್ಲ.

ಪರ್ತ್‌ನಿಂದ ನಮ್ಮನ್ನು ಅಡಿಲೇಡಿಗೆ ಕಳಿಸಿದರು. ಗ್ಲೆನೆಲ್ಗ್‌ನ ಸಮುದ್ರದ ಹತ್ತಿರ, ಟ್ರಾಮಿನ ಸದ್ದು ಕೇಳುವಷ್ಟು ದೂರದಲ್ಲಿ ಪಾಸ್ಟರ ಮನೆ. ನಮ್ಮ ಬೀದಿಯ ಕೊನೆಯಲ್ಲಿ ಡೊರಥಿ. ಎಂಬತ್ತು ದಾಟಿದ, ಮದುವೆಯಾಗದ ಹೆಂಗಸು. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆ ಒಪ್ಪಲಿಲ್ಲ, ಆಂಟಿ ಎಂದು ಸೇರಿಸಿದೆ. “ಯಾರ ಆಂಟಿ ನಾನು?” ಎಂದು ನಕ್ಕರು. ಆಮೇಲೆ ಹಾಗೆ ಕರೆಯದಿದ್ದರೆ ತಿರುಗಿಯೇ ನೋಡುತ್ತಿರಲಿಲ್ಲ.

ಅವರು ಹುಟ್ಟಿದ್ದು ಆಫ್ರಿಕಾದಲ್ಲಿ. ಅಪ್ಪ ಅಮ್ಮ ಟಾಂಗನಿಕಾದ ಒಂದು ಗುಡ್ಡದ ಮೇಲೆ ಮಿಷನರಿಗಳು. ವಾರಕ್ಕೆರಡು ಸಲ ನಾನು ಅವರ ಮನೆಗೆ ಹೋಗುತ್ತಿದ್ದೆ; ಆ ಮಂಗಳವಾರ, ಶುಕ್ರವಾರಗಳೆಲ್ಲ ಅವರ ಕಥೆಗಳ ಜೊತೆ ಆ ಗುಡ್ಡ ಹತ್ತುವುದರಲ್ಲೇ ಕಳೆಯುತ್ತಿದ್ದವು. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಬೂಟು ತಲೆಕೆಳಗೆ ಕೊಡವುವುದು, ಚೇಳಿರಬಹುದು. ಕುದಿಸಿ ಆರಿಸಿದ ನೀರಿಗೆ ಹೊಗೆಯ ರುಚಿ. ತಗಡಿನ ಮಾಡಿನ ಮೇಲೆ ಮಳೆ ಬಂದರೆ ಅಪ್ಪ ಪ್ರಸಂಗ ನಿಲ್ಲಿಸಿ ಎಲ್ಲರಿಂದ ಹಾಡು ಹಾಡಿಸುತ್ತಿದ್ದರು. ಅಮ್ಮ ಜಗುಲಿಯಲ್ಲಿ ಗಾಯಕ್ಕೆ ಔಷಧಿ ಹಚ್ಚುತ್ತಿದ್ದರು. ಯಾರೂ ಬಾಗಿಲು ಬಡಿಯುತ್ತಿರಲಿಲ್ಲವಂತೆ. ಅಂಗಳದಲ್ಲೇ ನಿಂತು “ಹೋಡಿ” ಎನ್ನುವುದು, ಬರಲಾ ಎಂದು ಕೇಳಿದ ಹಾಗೆ. ಒಳಗಿನಿಂದ “ಕರೀಬು” ಎಂದರೆ ಬಾ ಎಂದರ್ಥ. “ಇಲ್ಲಿ ಎಲ್ಲರ ಹತ್ರ ಬೆಲ್ ಇದೆ. ಒತ್ತುವವರೇ ಇಲ್ಲ” ಅನ್ನುತ್ತಿದ್ದರು ಆಂಟಿ.

ಪ್ರತಿ ಸಲ ಏಳುವಾಗ ನಾನು “ಬರ್ತೀನಿ ಆಂಟಿ” ಎನ್ನುವುದನ್ನು ಇಂಗ್ಲಿಷಿನಲ್ಲಿ “ಐ ವಿಲ್ ಕಮ್, ಆಂಟಿ” ಎಂದು ಹೇಳುತ್ತಿದ್ದೆ. ಕನ್ನಡದವರು ಯಾರಾದರೂ ಮಾಡುವ ತಪ್ಪು. ಅವರು ಅದನ್ನು ನಿಜವೆಂದು ನಂಬಿ ಕಾಯುತ್ತಿದ್ದಾರೆ, ಕಾದೂ ಕಾದೂ ನಾನು ಬಂದ ಹಾಗೆ ಕಣ್ಣಿಗೆ ಕಾಣಿಸಿದೆ ಎಂದು ನಾನು ಲೆಕ್ಕ ಹಾಕಿದೆ. ಮನೆಗೆ ಬಂದು ಇವರಿಗೆ ಹಾಗೆಯೇ ಹೇಳಿದೆ.

“ಪಾಪ, ಒಂಟಿತನ ಕಣೇ” ಅಂದರು.

“ಒಂಟಿತನದ ಕಾಲು ಕೆಸರಾಗುತ್ತೇನ್ರಿ?”

ಯಾಕೆಂದರೆ ಆಂಟಿ ಇನ್ನೊಂದು ಮಾತನ್ನೂ ಹೇಳಿದ್ದರು. ಮುಂದಿನ ಸಲ ಕಾಲೊರೆಸಿಕೊಂಡು ಬಾ ಲವ್, ಚಾಪೆಯೆಲ್ಲ ಕೆಂಪು ಮಣ್ಣು ಎಂದು. ಕೆಂಪು ಮಣ್ಣು ನಮ್ಮ ತುಮಕೂರಿನ ಕಡೆ; ಗ್ಲೆನೆಲ್ಗ್‌ನಲ್ಲಿ ಇರುವುದು ಬಿಳಿ ಮರಳು. ನಾನು ಬಗ್ಗಿ ನೋಡಿದ್ದೆ. ಬಾಗಿಲ ಹತ್ತಿರದ ಕುರ್ಚಿಯ ಕೆಳಗೆ, ಪಾದ ಊರುವಷ್ಟು ಜಾಗದಲ್ಲಿ, ನುಣ್ಣಗೆ ಕೆಂಪಾಗಿತ್ತು. ಸೊಳ್ಳೆ ಜಾಲರಿಯ ಬಾಗಿಲಿನ ಕಬ್ಬಿಣದ ತುಕ್ಕು ಎಂದುಕೊಂಡು ಒರೆಸಿ ಹಾಕಿದೆ. ಬೆರಳಿಗೆ ತುಕ್ಕಿನ ವಾಸನೆ ಇರಲಿಲ್ಲ.

ಇವರು ಪತ್ರಿಕೆ ಮಡಚಿಟ್ಟು ನನ್ನನ್ನೇ ನೋಡಿದರು. “ನೋಡು ಸುಗುಣಾ, ಇಂಥದ್ದನ್ನ ಸಭೆಯಲ್ಲಿ ಮಾತ್ರ ಬಾಯಿಬಿಡಬೇಡ. ಇಂಡಿಯಾದಿಂದ ಪಾಸ್ಟರ್ ಜೊತೆ ಏನೇನು ಬಂದಿದೆಯೋ ಅಂದಾರು.”

ಮುಂದಿನ ಶುಕ್ರವಾರ ಮಾತಿನ ನಡುವೆ ಆಂಟಿ ಬಾಗಿಲಿನತ್ತ ತಿರುಗಿ “ಕರೀಬು” ಅಂದರು. ಬಾಗಿಲಲ್ಲಿ ಬಿಸಿಲಷ್ಟೇ ಇತ್ತು. ಸ್ತುತಿ ಎದ್ದು, ಕುರ್ಚಿಯ ಮೇಲಿದ್ದ ತನ್ನ ಚೀಲ ಎತ್ತಿ ಮಡಿಲಿಗೆ ಹಾಕಿಕೊಂಡಳು.

ದಾರಿಯಲ್ಲಿ ಕೇಳಿದೆ. “ಚೀಲ ಯಾಕೆ ತೆಗೆದೆ ಪುಟ್ಟಾ?”

“ಐ ಡೋಂಟ್ ನೋ, ಮಮ್. ಇಟ್ ವಾಸ್ ಇನ್ ದಿ ವೇ” ಅಂದಳು. ಯಾರ ದಾರಿಗೆ ಅಡ್ಡ ಎಂದು ನಾನು ಕೇಳಲಿಲ್ಲ.

ಆಮೇಲೆ ಲಿನ್ ಬಂದಳು. ಆಂಟಿಯ ತಂಗಿಯ ಮಗಳು, ಗಟ್ಟಿ ದನಿಯ, ಒಳ್ಳೆಯ ಮನಸ್ಸಿನ ಹೆಂಗಸು. ಸ್ನಾನ ಮಾಡಿಸಲು ಬರುವ ದಾದಿ ಅವಳಿಗೆ ಹೇಳಿದ್ದಳಂತೆ, ನಿಮ್ಮ ಆಂಟಿ ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾರೆ ಎಂದು. ಲಿನ್, ಆಂಟಿಯ ಎದುರಿಗೇ ನನ್ನನ್ನು ಕೂರಿಸಿಕೊಂಡು ಕೇಳಿದಳು.

“ನೀವು ಪಾಸ್ಟರ್ ಹೆಂಡತಿ, ನಿಮ್ಮ ಮಾತು ನಂಬ್ತೀನಿ. ನೀವು ದಿನಾ ಬರ್ತೀರಂತೆ. ನಿಜವಾ?”

ಆಂಟಿ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಹೌದೆಂದರೆ ಸುಳ್ಳು. ಇಲ್ಲವೆಂದರೆ ಆ ಮನೆ ಅವರ ಕೈತಪ್ಪುತ್ತಿತ್ತು. ಲಿನ್ ಆಗಲೇ ಒಂದು ವೃದ್ಧಾಶ್ರಮ ನೋಡಿ ಬಂದಿದ್ದಳು.

“ದಿನಾ ಬರಲ್ಲ. ಆದರೆ ಬರ್ತೀನಿ ಅಂತ ಹೇಳ್ತೀನಿ” ಎಂದೆ. ನಮ್ಮ ಭಾಷೆಯಲ್ಲಿ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ ಎಂದು ಅಜ್ಜಿಯಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ.

ಲಿನ್ ತೊಡೆ ತಟ್ಟಿ ನಕ್ಕಳು. “ಅಷ್ಟೇನಾ! ಭಾಷೆಯ ಎಡವಟ್ಟು! ಹಾಗಾದ್ರೆ ಇನ್ಮೇಲೆ ಸುಮ್ನೆ ಗುಡ್‌ಬೈ ಅನ್ನಿ. ಇದು ನಿಂತರೆ ಆಂಟಿ ಇಲ್ಲೇ ಇರಲಿ. ನಿಲ್ಲದಿದ್ದರೆ ಕರ್ಕೊಂಡು ಹೋಗ್ತೀನಿ. ಅಲ್ಲಿ ನೋಡ್ಕೊಳ್ಳೋಕೆ ಜನ ಇರ್ತಾರೆ.”

ಅವತ್ತು ಹೊಸ್ತಿಲಲ್ಲಿ ನಿಂತು “ಐ ಆಮ್ ಗೋಯಿಂಗ್ ಆಂಟಿ, ಗುಡ್‌ಬೈ” ಅಂದೆ. ಹೀಗೆ ಹೇಳುವುದು ಇಲ್ಲಿ ಮಕ್ಕಳಿಗೂ ಸಲೀಸು. ನನಗೆ ಮಾತ್ರ ಒಬ್ಬ ಮುದುಕಿಯ ಎದುರು ದೀಪ ಊದಿ ಆರಿಸಿದ ಹಾಗಾಯಿತು. ಬೀದಿಗೆ ಇಳಿದ ಮೇಲೆ ನನಗೆ ನಾನೇ, ಬಿಡ್ತು ಬಿಡ್ತು ಎಂದುಕೊಂಡೆ.

ನಿಂತಿತು. ಚಾಪೆ ಶುದ್ಧವಾಗಿತ್ತು. ಆಂಟಿ ಬಾಗಿಲ ಕಡೆ ತಿರುಗಿ ಮಾತಾಡಲಿಲ್ಲ. ಲಿನ್ ಫೋನು ಮಾಡಿ ಥ್ಯಾಂಕ್ಸ್ ಹೇಳಿದಳು. ಆದರೆ ಅದರ ಜೊತೆ ಗುಡ್ಡದ ಕಥೆಗಳೂ ನಿಂತವು. ನಾನು ಒಯ್ದ ಉಪ್ಪಿಟ್ಟು ಡಬ್ಬಿಯಲ್ಲೇ ಇರುತ್ತಿತ್ತು. ಮನೆ ಜೂಂಡಲಪ್‌ನ ಆ ಮನೆಗಳ ಹಾಗಾಯಿತು; ಒಳಗೆ ಆಂಟಿ ಇದ್ದರೂ ಹೊರಗಿನಿಂದ ಯಾರೂ ಇಲ್ಲವೆನ್ನಿಸುತ್ತಿತ್ತು.

ಒಂದು ಮಂಗಳವಾರ ನಾನು ಏಳುವಾಗ ಆಂಟಿ ನನ್ನ ಸೆರಗು ಹಿಡಿದುಕೊಂಡರು.

“ಹಾಗೆ ಬೇಡ. ಮೊದಲಿನ ಹಾಗೆ ಹೇಳು.”

“ಆಂಟಿ, ಲಿನ್…”

“ಲಿನ್‌ಗೆ ನಾನು ತಪ್ಪು ತಿಳ್ಕೊಂಡೆ ಅಂತ ಹೇಳಿದೆಯಲ್ಲ, ನಾನೇನೂ ತಪ್ಪು ತಿಳ್ಕೊಂಡಿರಲಿಲ್ಲ. ನಮ್ಮ ಗುಡ್ಡದ ಹೆಂಗಸರೂ ಹಾಗೇ ಹೇಳಿ ಹೋಗ್ತಿದ್ದರು. ಅದರರ್ಥ ನಂಗೆ ಚೆನ್ನಾಗಿ ಗೊತ್ತು.”

“ಮತ್ತೆ ನಾನೇ ಬಂದೆ ಅಂದ್ರಲ್ಲ?”

“ನೀನು ಬರ್ತೀನಿ ಅಂದೆ. ಒಬ್ಬಳು ಬಂದಳು. ಮನೆಗೆ ಬಂದವರನ್ನ ನೀನು ಯಾರು ಅಂತ ಕೇಳೋದು ಮರ್ಯಾದೆ ಅಲ್ಲ, ಲವ್.” ಸೆರಗು ಬಿಡದೆಯೇ ಅಂದರು. “ಇನ್ನು ಯಾರಿಗೂ ಹೇಳಲ್ಲ. ದಾದಿ ಎದುರು ಬಾಯಿ ಮುಚ್ಕೊಂಡಿರ್ತೀನಿ. ಪ್ರಾಮಿಸ್. ನೀನು ಹೇಳು.”

ನಾನು ಅಯ್ಯನವರ ಹೆಂಡತಿ. ಇಂಥ ಹೊತ್ತಿನಲ್ಲಿ ಪ್ರಾರ್ಥನೆ ಮಾಡಿಸಬೇಕಾದವಳು. ಹೊರಗಿನ ಬಿಸಿಲು ನೋಡಿದೆ, ಖಾಲಿ ಕುರ್ಚಿ ನೋಡಿದೆ. ಆಮೇಲೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ, “ಬರ್ತೀನಿ ಆಂಟಿ” ಅಂದೆ. ಅವರು ಸೆರಗು ಬಿಟ್ಟರು. ಮುಂದಿನ ಸಲ ಹೋದಾಗ ಹಿಂದಿನ ದಿನ ಯಾರಾದರೂ ಬಂದಿದ್ದರೇ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಉಪ್ಪಿಟ್ಟಿನ ಡಬ್ಬಿ ಮಾತ್ರ ತೊಳೆದು ಇಟ್ಟಿತ್ತು. ಆಂಟಿ ಆ ಮನೆ ಬಿಡಲಿಲ್ಲ.

ನಾವೇ ಬಿಟ್ಟೆವು. ಸಭೆಯವರು ನಮ್ಮನ್ನು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ಗೆ ವರ್ಗ ಮಾಡಿದರು. ಹೆಸರಿನಲ್ಲಿ ಕಾಡೂ ಕೆರೆಯೂ ಇವೆ. ಕೆರೆ ಯಂತ್ರ ತಂದು ತೋಡಿದ್ದು. ಇಲ್ಲಿ ಕನ್ನಡದವರು ಸಾಕಷ್ಟಿದ್ದಾರೆ, ಕೊತ್ತಂಬರಿ ಸಿಗುತ್ತದೆ, ಸಂಜೆ ಕೆರೆಯ ಸುತ್ತ ಜನ ನಡೆಯುತ್ತಾರೆ. ಆದರೂ ನೆಲೆ ನಿಂತೆನೆಂದು ಹೇಳಲಾರೆ. ಭಾನುವಾರ ಅಮ್ಮನಿಗೆ ಫೋನು ಮಾಡಿ ಇಡುವಾಗಲೂ ನಾನು ಬರ್ತೀನಮ್ಮಾ ಅನ್ನುತ್ತೇನೆ. ತುಮಕೂರಿನಲ್ಲಿ, ಜೂಂಡಲಪ್‌ನಲ್ಲಿ, ಗ್ಲೆನೆಲ್ಗ್‌ನಲ್ಲಿ, ಎಷ್ಟು ಹೊಸ್ತಿಲುಗಳಲ್ಲಿ ನಿಂತು ಆ ಮಾತು ಆಡಿದ್ದೇನೆ! ಆಡಿದ ಕಡೆಯೆಲ್ಲ ನನ್ನದೊಂದು ಪಾಲು ಬಾಗಿಲ ಹತ್ತಿರ ಸುಮ್ಮನೆ ಕೂತಿದ್ದರೆ, ಇಲ್ಲಿ ಒಗ್ಗರಣೆ ಹಾಕುತ್ತಿರುವವಳು ಎಷ್ಟರಮಟ್ಟಿಗೆ ನಾನು? ಕೆಲವು ಮಧ್ಯಾಹ್ನ ಸ್ತುತಿ ಎದುರಿಗೆ ನಿಂತು ಕರೆದರೂ ನನಗೆ ಕೇಳಿಸುವುದಿಲ್ಲವಂತೆ.

ಮುಂದಿನ ಚಳಿಗಾಲದಲ್ಲಿ ಲಿನ್ ಫೋನು ಮಾಡಿದಳು. ಡೊರಥಿ ಆಂಟಿ ತಮ್ಮ ಮನೆಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಕೊಂಡಿದ್ದರು. ಮಣ್ಣು ಮಾಡುವುದು ಗುರುವಾರ. ನನಗೆ ಹೋಗಲಾಗಲಿಲ್ಲ; ಸ್ತುತಿಗೆ ಜ್ವರ, ಇವರು ಊರಲ್ಲಿರಲಿಲ್ಲ. ಅವಳ ಹಾಸಿಗೆಯ ಪಕ್ಕ ಕೂತು ಆ ಹೊತ್ತಿಗೆ ಒಂದು ಕೀರ್ತನೆ ಓದಿದೆ.

ಶನಿವಾರ ಲಿನ್ ಮತ್ತೆ ಫೋನು ಮಾಡಿದಳು. ದನಿ ದಣಿದಿತ್ತು.

“ಅಷ್ಟು ದೂರದಿಂದ ಬಂದಿರಿ. ಥ್ಯಾಂಕ್ಸ್ ಹೇಳೋಣ ಅಂದ್ರೆ ಸಿಗಲೇ ಇಲ್ಲ. ಚರ್ಚಿನಲ್ಲಿ ಹಿಂದಿನ ಬೆಂಚಲ್ಲಿ ಕೂತಿದ್ದಿರಿ, ಮುಗಿಸಿ ತಿರುಗಿ ನೋಡೋ ಹೊತ್ತಿಗೆ ಹೊರಟುಹೋಗಿದ್ದಿರಿ. ಆ ನೀಲಿ ನಿಮಗೆ ಚೆನ್ನಾಗಿ ಒಪ್ಪುತ್ತೆ.”

ನಾನು ಬಂದಿರಲಿಲ್ಲ ಎಂದು ಹೇಳಲಿಲ್ಲ.