ಫೋಟೋದಲ್ಲಿ ಉಳಿದ ಡಬ್ಬಿ

ಗೆಳೆಯರೇ, ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪೀಣ್ಯದ ಕೆಲಸಗಾರರಿಗೆಂದು ನಾವೇ ನಡೆಸುವ ಪುಟ್ಟ ಸೋಷಿಯಲ್ ನೆಟ್‌ವರ್ಕ್ ಇದೆಯಲ್ಲ, ಅದರಲ್ಲಿ ಫೋಟೋ ಹಾಕಿದವರ ಗುರುತು ಸಿಗದಂತೆ ಮಾಡುವುದು ಹೇಗೆಂದು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ, ಯಾವ ಫೋನು, ಯಾವ ಜಾಗ ಎಂಬ ಗುರುತನ್ನೆಲ್ಲ ಫೋಟೋದಿಂದ ಅಳಿಸಿಹಾಕುವ ಟೂಲ್ ಆರಿಸಿದೆ. "ಧೈರ್ಯವಾಗಿ ಹಾಕಿ, ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಾಗಲ್ಲ" ಎಂದೂ ಸಾರಿದೆ.

ಊಟದ ಹೊತ್ತಿಗೆ ಗೌರವ್ವ ತಮ್ಮ ಫ್ಯಾಕ್ಟರಿಯ ಪ್ರೆಸ್ ಮಷೀನಿನ ಫೋಟೋ ಹಾಕಿದರು. ಕೈ ಸಿಕ್ಕಿಕೊಳ್ಳದಂತೆ ತಡೆಯುವ ಗಾರ್ಡನ್ನು ಯಾರೋ ಕಿತ್ತು ಗೋಡೆಗೆ ಒರಗಿಸಿದ್ದರು. ಹತ್ತೇ ನಿಮಿಷಕ್ಕೆ ಗೌರವ್ವನ ಫೋನ್.

"ಅಣ್ಣಾ, ಫೋಟೋದಾಗ ನನ್ನ ಊಟದ ಡಬ್ಬಿ ಕಾಣಾಕತ್ತೈತ್ರಿ! ಸೂಪರ್‌ವೈಸರ್ ಗುರ್ತು ಹಿಡಿತಾರ. ಲಗೂನ ತಗೀರಿ!"

ತಕ್ಷಣ ಅಳಿಸಿದೆ. ಆದರೆ ಅಷ್ಟರಲ್ಲಿ ನಮ್ಮ ನೆಟ್‌ವರ್ಕಿಗೆ ಜೋಡಿಸಿಕೊಂಡು ಪೋಸ್ಟ್‌ಗಳನ್ನು ಹಂಚಿಕೊಳ್ಳುವ ಬೇರೆಯವರ ಸರ್ವರ್‌ಗಳಿಗೆ ಅದರ ಪ್ರತಿಗಳು ಹೋಗಿದ್ದವು. ಅವನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ.

ಸಂಜೆ ಗೌರವ್ವ ಮತ್ತೆ ಫೋನ್ ಮಾಡಿದಾಗ ಹೆದರುತ್ತಲೇ ಎತ್ತಿದೆ. ಶಿಫ್ಟ್ ಮುಗಿಯುವಾಗ ಸೂಪರ್‌ವೈಸರ್ ಫೋಟೋ ಹಿಡಿದು ಬಂದು, "ಎಲ್ರೂ ನಿಮ್ ನಿಮ್ ಡಬ್ಬಿ ತೆಗ್ದು ಟೇಬಲ್ ಮೇಲಿಡಿ" ಎಂದನಂತೆ. ಇಟ್ಟರು. ಸಾಲಾಗಿ ಒಂದೇ ತರಹದ ಸ್ಟೀಲ್ ಡಬ್ಬಿಗಳು, ಎಲ್ಲದರ ಮೇಲೂ ಕೊರೆದ ಒಂದೇ ಹೆಸರು. ಅದು ಆ ಸೂಪರ್‌ವೈಸರನದೇ. ಹೋದ ವರ್ಷ ಅವನ ಮನೆಯ ಗೃಹಪ್ರವೇಶಕ್ಕೆ ಹೋದವರಿಗೆಲ್ಲ ಅವನೇ ಹಂಚಿದ್ದು!

ನನ್ನ ಎರಡು ತಿಂಗಳ ಸಂಶೋಧನೆಯಿಂದ ಆಗದ್ದು ಆ ಪುಣ್ಯಾತ್ಮನ ಗೃಹಪ್ರವೇಶದಿಂದ ಆಯಿತು. ಗಾರ್ಡ್ ಮಾತ್ರ ಇನ್ನೂ ಗೋಡೆಗೇ ಒರಗಿಕೊಂಡಿದೆಯಂತೆ.