ಫ್ರೆಂಚ್ ದೊರೆಸಾನಿಯ ಟೆನಿಸ್
ಹತ್ತಿರ ಬನ್ನಿ, ಇದು ನಿಮ್ಮ ಗಂಡನಿಗೂ ಗೊತ್ತಾಗಬಾರದು. ಜೆಪ್ಪುವಿನ ಬಂಗಲೆಯಲ್ಲಿ ನಾನು ಬಟ್ಟೆ ಒಗೆಯುತ್ತಿದ್ದಾಗ ಅಲ್ಲಿ ಒಬ್ಬರು ಫ್ರೆಂಚ್ ದೊರೆಸಾನಿ ಇದ್ದರು. ವಯಸ್ಸಾಗಿತ್ತು, ಆದರೂ ದಿನಾ ಸಂಜೆ ಕ್ಲಬ್ಬಿನಲ್ಲಿ ಟೆನಿಸ್ ಆಡುವುದೆಂದರೆ ಜೀವ. ಹಿಂದೆ ತಮ್ಮ ದೇಶದಲ್ಲಿ ಸಂಬಳಕ್ಕೆ ಆಡಿದವರೆಂದು ಒಮ್ಮೆ ಹರಕು ಕನ್ನಡದಲ್ಲಿ ನನಗೆ ಹೇಳಿ, "ಕ್ಲಬ್ಬಿನಲ್ಲಿ ಹೇಳಬೇಡ" ಅಂದರು. ಅಂಥ ಸುದ್ದಿ ನನ್ನ ಹೊಟ್ಟೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ? ಕ್ಲಬ್ಬಿನ ಬಟ್ಲರನಿಗೆ ಹೇಳಿಬಿಟ್ಟೆ. ದುಡ್ಡಿಗೆ ಆಡಿದವರಿಗೆ ಅಲ್ಲಿ ಜಾಗ ಇಲ್ಲವಂತೆ. ಮರುವಾರವೇ ಅವರನ್ನು ಹೊರಗೆ ಹಾಕಿದರು. ಆಮೇಲೆ ದೊರೆಸಾನಿ ಬಾವಿಯ ಹಿಂದಿನ ಗೋಡೆಗೆ ಒಬ್ಬರೇ ಚೆಂಡು ಹೊಡೆಯುತ್ತಿದ್ದರು. ಬಟ್ಟೆ ಹಿಂಡುವಾಗ ನಾನು ತಲೆ ಎತ್ತುತ್ತಿರಲಿಲ್ಲ. ಪಕ್ಕದ ಮನೆಯ ಲೀಲಕ್ಕ ನನ್ನ ಮುಖಕ್ಕೇ ಹೇಳಿದಳು: "ನೀನು ಒಗೆಯುವುದೂ ಸಂಬಳಕ್ಕೇ ಅಲ್ವಾ ಮಾರಾಯ್ತಿ? ನಿನ್ನನ್ನು ಯಾರಾದರೂ ಒಗೆಯುವ ಕಲ್ಲಿನಿಂದ ಎಬ್ಬಿಸಿದ್ದು ಉಂಟಾ?"