ಬೇಡವೆಂದು ಬೇಡಿಕೊಂಡ ತರಗತಿ

ನನ್ನ ಮಗಳು ಚೈತ್ರಾ ಹುಟ್ಟಿದ ಕೂಡಲೇ ಅಳಲಿಲ್ಲ. ನರ್ಸಮ್ಮ ಬೆನ್ನು ತಟ್ಟಿ, ಅಂಗಾಲು ಉಜ್ಜಿ, ಅವಳು ಒಂದು ಸಣ್ಣ ಸದ್ದು ಮಾಡುವಷ್ಟರಲ್ಲಿ ತುಂಬ ಹೊತ್ತಾಗಿಹೋಗಿತ್ತು. ಮೂರು ವರ್ಷಕ್ಕೆ ನಡೆದಳು. ಐದಕ್ಕೆ ‘ಅಮ್ಮ’ ಅಂದಳು. ಕೆಲವು ಮಕ್ಕಳು ನಿಧಾನ ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಈಗ ಅವಳಿಗೆ ಇಪ್ಪತ್ತು ತುಂಬಿದೆ. ನಮ್ಮೂರ ಕೆರೆ ಏರಿಯ ಮೇಲಿರುವ ಆಂಜನೇಯಸ್ವಾಮಿಗೆ ನಡೆದುಕೊಳ್ಳುವ ನಿಮ್ಮೆಲ್ಲರ ಮುಂದೆ, ಆ ಸ್ವಾಮಿ ನಾನು ಕೇಳಿದ್ದನ್ನು ಕೊಡದೆ ನನ್ನನ್ನು ಹೇಗೆ ಕಾಪಾಡಿದನೆಂದು ಹೇಳಿಕೊಳ್ಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮದು ಮಧುರೆ ಹೋಬಳಿಯ ಒಂದು ಚಿಕ್ಕ ಊರು. ರಾಗಿ, ಅವರೆ, ಮನೆಮುಂದೆ ಎರಡು ಹಸು. ನಮ್ಮ ಯಜಮಾನರು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಚೈತ್ರಾಳನ್ನು ಊರ ಶಾಲೆಗೆ ಸೇರಿಸಿದೆವು. ಬಟ್ಟೆ ಬಿಳಿಯಾಗಿರಬೇಕು, ಎರಡು ಜಡೆಗೂ ರಿಬ್ಬನ್ ಇರಬೇಕು ಎಂದು ನಾನು ದಿನಾ ಬೆಳಿಗ್ಗೆ ಅವಳ ಹಿಂದೆ ಬೀಳುತ್ತಿದ್ದೆ. ಅವಳು ಎರಡು ವರ್ಷ ಹೋದಳು. ‘ಅ’ ಬರೆಯಲು ಬರಲಿಲ್ಲ. ಹೆಡ್‌ಮಾಸ್ಟರನ್ನು ಕೇಳಿದರೆ, ಮಗುವಿಂದ ಯಾರಿಗೂ ತೊಂದರೆಯಿಲ್ಲ, ಹಿಂದಿನ ಗೋಡೆಗೆ ಒರಗಿ ತನ್ನ ಪಾಡಿಗೆ ಕೂತಿರುತ್ತಾಳೆ ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತೆಂದೇ ಹೇಳಿದರು. ನನಗೂ ಅಷ್ಟೇ ಸಾಕಾಗಿತ್ತು. ಎಲ್ಲ ಮಕ್ಕಳ ಜೊತೆ ಕೂತಿದ್ದಾಳಲ್ಲ!

ಮೂರನೇ ತರಗತಿಯ ಜೂನ್‌ನಲ್ಲಿ ತಾಲ್ಲೂಕಿನಿಂದ ಸುನಂದಾ ಮೇಡಂ ಎಂಬ ವಿಶೇಷ ಶಿಕ್ಷಕಿ ಬಂದರು. ಕಲಿಕೆ ಕಷ್ಟವಾದ ಮಕ್ಕಳನ್ನು ಹುಡುಕಿಕೊಂಡು ಶಾಲೆಯಿಂದ ಶಾಲೆಗೆ ಬಸ್ಸಿನಲ್ಲಿ ಓಡಾಡುವುದು ಅವರ ಕೆಲಸ. ಚೈತ್ರಾಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದು ಗಂಟೆ ಹೊತ್ತು ಮಣಿ ಪೋಣಿಸಿದರು, ಚಿತ್ರ ತೋರಿಸಿದರು, ಜೊತೆಗೆ ನಕ್ಕರು. ಆಮೇಲೆ ನನ್ನನ್ನು ಕರೆಸಿ ಒಂದು ಫಾರಂ ತುಂಬಿದರು: ಮಗುವಿನ ಹೆಸರು, ಹೆರಿಗೆ ಹೇಗಾಯಿತು, ಯಾವಾಗ ನಡೆದಳು, ತಂದೆಯ ಫೋನ್ ನಂಬರ್. ಇವಳಿಗೆ ಬುದ್ಧಿಯ ಬೆಳವಣಿಗೆ ತಡವಾಗಿದೆ, ಡಾಕ್ಟರ ಶಿಬಿರದಲ್ಲಿ ತೋರಿಸಿ ದೊಡ್ಡಬಳ್ಳಾಪುರದ ವಿಶೇಷ ತರಗತಿಗೆ ಸೇರಿಸೋಣ ಎಂದರು. ಕೆಳಗೆ ನನ್ನ ಸಹಿ ಬೇಕಿತ್ತು.

ನಾನು ಹಾಕಲಿಲ್ಲ. ಆ ತರಗತಿಗೆ ಒಮ್ಮೆ ಸೇರಿದರೆ ಊರೆಲ್ಲ ಇವಳಿಗೆ ಒಂದೇ ಹೆಸರಿಡುತ್ತದೆ, ಅದು ಅವಳು ಸಾಯುವವರೆಗೆ ಬಿಡುವುದಿಲ್ಲ ಎಂದು ನನ್ನ ಭಯ. ‘ಯೋಚನೆ ಮಾಡಿ ಹೇಳೀಮ್ಮ’ ಎಂದು ಮೇಡಂ ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದರು. ಆ ಶನಿವಾರ ಸ್ವಾಮಿಯ ಮುಂದೆ ನಿಂತು, ನನ್ನ ಮಗಳ ಹೆಸರು ಆ ತರಗತಿಯ ಪಟ್ಟಿಗೆ ಸೇರದ ಹಾಗೆ ಮಾಡಪ್ಪಾ, ಆ ಮೇಡಂ ಮತ್ತೆ ನಮ್ಮ ಕಣ್ಣಿಗೆ ಬೀಳದಿರಲಿ, ನೂರೆಂಟು ವೀಳ್ಯದೆಲೆಯ ಹಾರ ಹಾಕಿಸುತ್ತೇನೆ ಎಂದು ಹರಕೆ ಹೊತ್ತೆ. ಎಂಥ ಬೇಡಿಕೆ ಎಂದು ಈಗ ಅನ್ನಿಸುತ್ತದೆ. ಆಗ ಅತ್ತು ಅತ್ತು ಕೇಳಿದ್ದೆ.

ಶ್ರಾವಣದ ಒಂದು ಸೋಮವಾರ, ಅತ್ತೆಯ ಕಣ್ಣು ತೋರಿಸಲು ದೊಡ್ಡಬಳ್ಳಾಪುರಕ್ಕೆ ಹೋಗಬೇಕಾಯಿತು. ಚೈತ್ರಾಳನ್ನೂ ಕರೆದುಕೊಂಡು ಹೋದೆ. ಆಸ್ಪತ್ರೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅತ್ತೆಗೆ ದಾರಿ ಕಾಣುತ್ತಿರಲಿಲ್ಲ. ಅವರನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಅಷ್ಟಕ್ಕೇ ಮಗಳ ಕೈ ಬಿಟ್ಟಿದ್ದು. ತಿರುಗಿ ನೋಡಿದರೆ ಅವಳಿಲ್ಲ.

ಹೂವಿನವರನ್ನು ಕೇಳಿದೆ, ಕಡ್ಲೆಕಾಯಿ ಮಾರುವವರನ್ನು ಕೇಳಿದೆ, ನಿಂತಿದ್ದ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ. ಯಾರೋ ಯಜಮಾನರಿಗೆ ಫೋನ್ ಹಚ್ಚಿಕೊಟ್ಟರು. ಅವರು ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದರು. ಪೊಲೀಸ್ ಠಾಣೆಯಲ್ಲಿ ವಯಸ್ಸಾದ ಒಬ್ಬ ಪೇದೆ ಬರೆದುಕೊಳ್ಳುತ್ತಾ ಕೇಳಿದರು.

“ಯಾರಾದ್ರೂ ಕೇಳಿದ್ರೆ ಹೆಸ್ರು ಹೇಳ್ತಾಳೇನಮ್ಮ?”

“ಇಲ್ಲ ಸಾರ್.”

“ಅಪ್ಪನ ಹೆಸ್ರು? ಊರು?”

“ಇಲ್ಲ.”

“ಸ್ಕೂಲಿಗೆ ಹೋಗ್ತಾಳೆ ಅಂದ್ರಲ್ಲ?”

ಎರಡು ವರ್ಷ ಇಸ್ತ್ರಿ ಬಟ್ಟೆ ಹಾಕಿ ಕಳಿಸಿದ್ದೆ. ಅವಳು ತನ್ನ ಹೆಸರನ್ನೂ ಕಲಿತಿರಲಿಲ್ಲ. ಅಲ್ಲಿ ಕೂತಿದ್ದಾಳಲ್ಲ ಎಂಬುದನ್ನೇ ನಾನು ಓದು ಎಂದುಕೊಂಡಿದ್ದೆ. ಠಾಣೆಯ ಮೆಟ್ಟಿಲ ಮೇಲೆ ಕೂತು ಕೈಮುಗಿದೆ. ಒಂದೇ ಮಾತು ಬಂತು: ಸ್ವಾಮಿ, ಹೆಸರು ಯಾವ ಪಟ್ಟಿಗೆ ಬೇಕಾದರೂ ಸೇರಲಿ, ನನ್ನ ಮಗು ಸಿಗಲಿ.

ನಾಲ್ಕು ಗಂಟೆ ಆಗಿರಬೇಕು, ಯಜಮಾನರ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರ್. ಅವರು ಕೇಳಿಸಿಕೊಂಡು ನನ್ನ ಕಡೆ ತಿರುಗಿ, ಮಗು ಸಿಕ್ಕಿದೆ ಎಂದರು. ಫೋನ್ ಮಾಡಿದ್ದವರು ಸುನಂದಾ ಮೇಡಂ.

ಚೈತ್ರಾ ದೇವನಹಳ್ಳಿಯ ಬಸ್ ಹತ್ತಿಬಿಟ್ಟಿದ್ದಳು. ಯಾರದೋ ಸೀರೆಯ ಸೆರಗು ಹಿಡಿದು ಹತ್ತಿದಳಂತೆ. ಅವರ ಮಗು ಎಂದು ಕಂಡಕ್ಟರೂ ಸುಮ್ಮನಿದ್ದರಂತೆ. ಆ ಹೆಂಗಸು ನಡುವೆ ಇಳಿದುಹೋದರು, ಇವಳು ಒಬ್ಬಳೇ ಉಳಿದಳು. ಕಂಡಕ್ಟರ್ ಕೇಳಿದ್ದಕ್ಕೆಲ್ಲ ಸುಮ್ಮನೆ ನೋಡಿದಳು. ಇನ್ನು ದೇವನಹಳ್ಳಿಯಲ್ಲಿ ಇಳಿಸಿ ಯಾರಿಗಾದರೂ ಒಪ್ಪಿಸಬೇಕು ಎಂದು ಅವರು ಮಾತಾಡಿಕೊಳ್ಳುತ್ತಿರುವಾಗ, ಕುಂದಾಣದ ಕಡೆಯ ಶಾಲೆಯೊಂದರಿಂದ ಮನೆಗೆ ಹೊರಟಿದ್ದ ಮೇಡಂ ದಾರಿಯಲ್ಲಿ ಅದೇ ಬಸ್ ಹತ್ತಿದರು. ಎರಡು ತಿಂಗಳ ಹಿಂದೆ ಒಂದು ಗಂಟೆ ನೋಡಿದ ಮಗುವನ್ನು ಗುರುತು ಹಿಡಿದರು. ನಾನು ಸಹಿ ಹಾಕದ ಫಾರಂ ಇನ್ನೂ ಅವರ ಬ್ಯಾಗಿನಲ್ಲೇ ಇತ್ತು. ತಂದೆಯ ನಂಬರ್ ಅದರಲ್ಲಿತ್ತು.

ಹರಕೆ ಹೊತ್ತು ಯಾರು ಕಣ್ಣಿಗೆ ಬೀಳದಿರಲಿ ಎಂದು ಬೇಡಿದ್ದೆನೋ, ಸ್ವಾಮಿ ಅವರ ಕೈಗೇ ನನ್ನ ಮಗಳನ್ನು ಒಪ್ಪಿಸಿದ್ದ. ನೀವು ಇದನ್ನು ಏನೆಂದು ಕರೆಯುತ್ತೀರೋ ನನಗೆ ಗೊತ್ತಿಲ್ಲ. ನನಗೆ ಅವತ್ತೂ ಅನುಮಾನವಿರಲಿಲ್ಲ, ಇವತ್ತೂ ಇಲ್ಲ.

ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಮೇಡಂ ಪಕ್ಕ ಕೂತು ಬನ್ನು ತಿನ್ನುತ್ತಿದ್ದಳು. ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಮೇಡಂ ಫಾರಂ ಮಾತೆತ್ತಲೇ ಇಲ್ಲ. ಮೊದಲು ಮನೆಗೆ ಹೋಗಿ ಊಟ ಮಾಡಿ, ಮಗು ಹೆದರಿದೆ ಎಂದರು. ನಾನೇ ಕೇಳಿದೆ.

“ಅಲ್ಲಿ ಸೇರಿಸಿದ್ರೆ ಅಲ್ಲೇ ಉಳ್ದುಬಿಡ್ತಾಳಾ ಮೇಡಂ?”

“ಹಾಜರಿ ಪುಸ್ತಕದಲ್ಲಿ ಹೆಸ್ರು ನಿಮ್ಮೂರ ಶಾಲೇಲೇ ಇರುತ್ತೆ ಕಣಮ್ಮ. ವಾರಕ್ಕೆ ಮೂರು ದಿನ ನಮ್ಹತ್ರ, ಉಳಿದ ದಿನ ಅಲ್ಲಿ. ಅವಳು ಕಲ್ತಷ್ಟೂ ನಮ್ಹತ್ರ ಬರೋ ದಿನ ಕಮ್ಮಿ ಮಾಡ್ತಾ ಬರ್ತೀವಿ. ಎಷ್ಟು ದಿನ ಅಂತ ಮಾತ್ರ ಕೇಳ್ಬೇಡಿ, ನಂಗೂ ಗೊತ್ತಿಲ್ಲ.”

ಗೊತ್ತಿಲ್ಲ ಎಂದು ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆಯೇ ಸಹಿ ಹಾಕಿದೆ. ಮುಂದಿನ ಶನಿವಾರ ವೀಳ್ಯದೆಲೆಯ ಹಾರವನ್ನೂ ಒಪ್ಪಿಸಿದೆವು. ಕೇಳಿದ್ದು ನಡೆದಿಲ್ಲವಲ್ಲ, ಹರಕೆ ಯಾಕೆ ಎಂದು ಅತ್ತೆಯೂ ಕೇಳಲಿಲ್ಲ.

ಶಿಬಿರದಲ್ಲಿ ಡಾಕ್ಟರು ನೋಡಿದರು, ಚೀಟಿ ಬರೆದರು. ಏನೇನು ಕಲಿಸಬೇಕೆಂದು ಚೈತ್ರಾಳಿಗೆಂದೇ ಮೇಡಂ ಒಂದು ಹಾಳೆ ಮಾಡಿದರು. ಮೊದಲ ಮೂರು ತಿಂಗಳಿಗೆ ಅದರಲ್ಲಿ ಅಕ್ಷರವೇ ಇರಲಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು, ಅಷ್ಟೇ.

ಆಮೇಲಿನ ಎರಡು ವರ್ಷ ನನ್ನ ಬದುಕಿನ ಅತ್ಯಂತ ಚೆಂದದ ದಿನಗಳು ಎಂದರೆ ನಂಬುತ್ತೀರಾ? ಡೈರಿಗೆ ಬೆಳಗಿನ ಹಾಲು ಹಾಕಿ, ಬುತ್ತಿ ಕಟ್ಟಿ, ಎಂಟೂವರೆಯ ಬಸ್ಸಿಗೆ ಓಡುತ್ತಿದ್ದೆವು. ಒಳಗೆ ಹನ್ನೊಂದು ಮಕ್ಕಳು. ಹೊರಗೆ ಜಗಲಿಯ ಮೇಲೆ ನಾವು ತಾಯಂದಿರು. ಒಬ್ಬರ ಮಗುವಿಗೆ ಕಿವಿ ಕೇಳದು, ಇನ್ನೊಬ್ಬರದಕ್ಕೆ ಕಾಲು ನಿಲ್ಲದು. ಮೊದಮೊದಲು ತಲೆ ತಗ್ಗಿಸಿ ಕೂರುತ್ತಿದ್ದವಳು ನಾನು. ಅವರೆ ಕಾಲ ಬಂದಾಗ ಎಲ್ಲರೂ ಮನೆಯಿಂದ ಕಾಯಿ ತಂದು ಅಲ್ಲೇ ಕೂತು ಸುಲಿಯುತ್ತಿದ್ದೆವು, ಬುತ್ತಿ ಹಂಚಿಕೊಳ್ಳುತ್ತಿದ್ದೆವು. ಊರಲ್ಲಿ ಯಾರ ಹತ್ತಿರವೂ ಆಡದ ಮಾತನ್ನು ಅಲ್ಲಿ ಆಡಿಕೊಂಡು ನಗುತ್ತಿದ್ದೆವು. ಒಳಗಿನಿಂದ ಮಕ್ಕಳು ಲೆಕ್ಕವಿಲ್ಲದೆ ಚಪ್ಪಾಳೆ ತಟ್ಟುವ ಸದ್ದು. ಈಗಲೂ ಅವರೆಕಾಯಿಯ ಸೊಗಡು ಮೂಗಿಗೆ ಬಂದರೆ ನನಗೆ ಆ ಜಗಲಿಯೇ ನೆನಪಾಗುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಮೇಡಂ ಬಾಗಿಲಿಗೆ ಬಂದು ನನ್ನನ್ನು ಕರೆದರು. ಚೈತ್ರಾ ಎದ್ದು ನಿಂತಳು. ಲಂಗ ಹಿಡಿದುಕೊಂಡು, ಒಂದೊಂದೇ ಮಾತು ಎತ್ತಿ ಇಡುವ ಹಾಗೆ, ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು ಹೇಳಿದಳು. ಊರಿನ ಹೆಸರಿಗೆ ಸ್ವಲ್ಪ ಹೊತ್ತು ತಡೆದಳು, ಅದನ್ನೂ ಹೇಳಿದಳು. ಜಗಲಿಯಲ್ಲಿದ್ದವರೆಲ್ಲ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಐದನೇ ತರಗತಿಗೆ ಅವಳು ಪೂರ್ತಿಯಾಗಿ ಊರ ಶಾಲೆಗೆ ಮರಳಿದಳು. ಹೆಡ್‌ಮಾಸ್ಟರ್ ಅವಳನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಇಷ್ಟು ದಿನ ಹಿಂದೆ ಕೂರಿಸಿದ್ದು ತಪ್ಪಾಯ್ತಮ್ಮ ಎಂದು ನನಗೆ ಹೇಳಿದರು. ತಪ್ಪು ನನ್ನದೂ ಇತ್ತು, ಅದನ್ನು ಅವರಿಗೂ ಹೇಳಿದೆ. ವಾರಕ್ಕೊಮ್ಮೆ ಮೇಡಂ ಬಂದು ನೋಡಿ ಹೋಗುತ್ತಿದ್ದರು. ಎಲ್ಲವೂ ಸರಿಹೋಯಿತು ಎಂದು ಬರೆದರೆ ಸ್ವಾಮಿಯ ಹೆಸರಲ್ಲಿ ಸುಳ್ಳು ಹೇಳಿದಂತಾಗುತ್ತದೆ. ಲೆಕ್ಕ ಅವಳಿಗೆ ಇವತ್ತಿಗೂ ಹತ್ತದು. ಹತ್ತನೇ ತರಗತಿ ಪಾಸಾಗಲಿಲ್ಲ. ಆದರೆ ನಿಧಾನವಾಗಿ ಓದುತ್ತಾಳೆ, ಮನೆಗೆ ಬಂದವರನ್ನು ಕೂರಿಸಿ ನೀರು ಕೊಟ್ಟು ಮಾತಾಡಿಸುತ್ತಾಳೆ. ಪಕ್ಕದೂರಿನ ಹಸಿರುಮನೆಯಲ್ಲಿ ಗುಲಾಬಿ ಹೂವನ್ನು ಕಡ್ಡಿಯ ಉದ್ದ ನೋಡಿ ಬೇರೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದಾಳೆ. ಅವಳ ಕೈಯಲ್ಲಿ ಹೂವು ನಲುಗುವುದಿಲ್ಲ ಎಂದು ಅಲ್ಲಿಯ ಮೇಸ್ತ್ರಿ ಹೇಳಿದರು.

ಸುನಂದಾ ಮೇಡಂಗೆ ವರ್ಗವಾಗಿ ಬಹಳ ವರ್ಷವಾಯಿತು. ಆ ತರಗತಿಯೂ ಬೇರೆ ಕಟ್ಟಡಕ್ಕೆ ಹೋಯಿತು. ಅವರು ಎಲ್ಲಿದ್ದರೂ ತಣ್ಣಗಿರಲಿ. ನನ್ನ ಹಾಗೆ ಫಾರಂಗೆ ಸಹಿ ಹಾಕಲು ಹಿಂಜರಿಯುತ್ತಿರುವ ತಾಯಂದಿರು ನಿಮ್ಮಲ್ಲಿ ಇದ್ದರೆ, ಒಂದು ಸಲ ಆ ತರಗತಿಯ ಬಾಗಿಲವರೆಗೆ ಹೋಗಿ ಒಳಗೆ ನೋಡಿ ಬನ್ನಿ; ಆಮೇಲೆ ದೇವರ ಹತ್ತಿರ ಏನು ಕೇಳಬೇಕೋ ಕೇಳಿ.

ಹೋದ ಶನಿವಾರ ಚೈತ್ರಾ ನನ್ನ ಜೊತೆ ಏರಿಯ ಮೇಲಿನ ಗುಡಿಗೆ ಬಂದಿದ್ದಳು. ಪ್ರದಕ್ಷಿಣೆ ಮುಗಿಸಿ ಸ್ವಾಮಿಯ ಮುಂದೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಮೆಟ್ಟಿಲು ಇಳಿಯುವಾಗ, ಅಷ್ಟು ಹೊತ್ತು ಏನು ಬೇಡಿಕೊಂಡೆ ಎಂದು ಕೇಳಿದೆ.

“ಏನೂ ಕೇಳ್ಲಿಲ್ಲಮ್ಮ,” ಅಂದಳು. “ಚೆನ್ನಾಗಿದ್ದೀನಿ ಅಂತ ಹೇಳ್ದೆ.”